ಬಿಪಿಎ ಹಾಕದ ಕೋಶಗಳಲ್ಲೂ ಬೋರಾನ್ ಏಕೆ ಕಾಣುತ್ತಿದೆ?

ತುಂಗಾತೀರ, ಶಿವಮೊಗ್ಗ:
ಬಿಎನ್‌ಸಿಟಿ (ಬೋರಾನ್ ಹೀರಿದ ಗಡ್ಡೆ ಕೋಶಗಳನ್ನು ನ್ಯೂಟ್ರಾನ್ ಹಾಯಿಸಿ ಕೊಲ್ಲುವ ಕ್ಯಾನ್ಸರ್ ಚಿಕಿತ್ಸೆ) ಅಧ್ಯಯನಕ್ಕೆ ಗಡ್ಡೆ ಕೋಶಗಳು ಎಷ್ಟು ಬಿಪಿಎ (ಬೋರಾನ್ ಹೊತ್ತ ಅಮೈನೋ ಆಮ್ಲ) ಹೀರುತ್ತವೆ ಅಂತ ಅಳೆಯುತ್ತಿದ್ದೇವೆ. ಕೋಶಗಳನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಗಾಜಿನ ಬಾಟಲಿಯಲ್ಲಿ ಬೆಂಗಳೂರಿಗೆ, ಧಾತುಗಳ ಪ್ರಮಾಣ ಅಳೆಯುವ ಉಪಕರಣ ಐಸಿಪಿ-ಎಂಎಸ್‌ಗೆ ಕಳಿಸುತ್ತೇವೆ. ಬಿಪಿಎ ಹಾಕದ ಕಂಟ್ರೋಲ್‌ನಲ್ಲೂ ಬೋರಾನ್ ಇದೆ, ಬಿಪಿಎ ಹಾಕಿದ್ದರಲ್ಲಿ ನಿರೀಕ್ಷೆಗಿಂತ ಕಡಿಮೆ. ಎಲ್ಲಿ ತಪ್ಪುತ್ತಿದೆ?

ಸಾಗರದಿಂದ:
ಮೊದಲು ಗಾಜು ಬಿಡಿ. ಬೋರೋಸಿಲಿಕೇಟ್‌ನಿಂದಲೇ ಬೋರಾನ್ ಆಮ್ಲಕ್ಕೆ ಇಳಿಯುತ್ತದೆ. ಪಾಲಿಪ್ರೊಪಿಲೀನ್ ಟ್ಯೂಬ್ ಬಳಸಿ. ಬೋರಾನಿನ ಐಸೊಟೋಪ್‌ಗಳಾದ ಬೋರಾನ್-10, 11 ಎರಡರ ಅಂಕಿಯನ್ನೂ ಕೇಳಿ ಪಡೆಯಿರಿ. ನೈಸರ್ಗಿಕ ಬೋರಾನಿನಲ್ಲಿ 10ರ ಪಾಲು ಸುಮಾರು 20%. ನಿಮ್ಮದು ಬೋರಾನ್-10 ಸಮೃದ್ಧ ಬಿಪಿಎ ಆಗಿದ್ದು 11 ಹೆಚ್ಚು ಕಂಡರೆ ಅದು ಹೊರಗಿನಿಂದ ಸೇರಿದ್ದು. ಉಪಕರಣದೊಳಗೂ ಹಿಂದಿನ ಸ್ಯಾಂಪಲ್‌ನ ಬೋರಾನ್ ಅಂಟಿಕೊಂಡಿರುತ್ತದೆ, ನಡುನಡುವೆ ಕೋಶವಿಲ್ಲದ, ಬರೀ ಆಮ್ಲದ ಬ್ಲ್ಯಾಂಕ್ ಓಡಿಸಲು ಹೇಳಿ.

ಕೊಪ್ಪದಿಂದ:
ಕಡಿಮೆ ಬರುತ್ತಿರುವುದಕ್ಕೆ ತೊಳೆಯುವ ಹಂತ ನೋಡಿ. ಎಲ್‌ಎಟಿ1 ಬಿಪಿಎಯನ್ನು ಕೋಶದೊಳಗೆ ತರುವ, ವಿನಿಮಯ ಮಾಡುವ ವಾಹಕ ಪ್ರೋಟೀನ್: ಹೊರಗಿನ ಅಮೈನೋ ಆಮ್ಲ ಒಳಗೆ ಬಂದರೆ ಬಿಪಿಎ ಆಚೆ ಹೋಗುತ್ತದೆ. ಅಮೈನೋ ಆಮ್ಲಗಳಿರುವ ಬೆಚ್ಚಗಿನ ಮೀಡಿಯಂನಲ್ಲಿ (ಕೋಶ ಬೆಳೆಸುವ ದ್ರವ) ತೊಳೆದರೆ ಹೀರಿದ್ದು ಸೋರಿಹೋಗುತ್ತದೆ. ಐಸ್ ಮೇಲಿಟ್ಟ ಫಾಸ್ಫೇಟ್ ಉಪ್ಪಿನ ದ್ರಾವಣ ಪಿಬಿಎಸ್‌ನಲ್ಲಿ ಎರಡೇ ಸಲ, ಬೇಗ ಬೇಗ. ಬಿಪಿಎ ಸುಲಭಕ್ಕೆ ಕರಗುವುದೂ ಇಲ್ಲ. ಫ್ರಕ್ಟೋಸ್ ಬೆರೆಸಿ, ಕ್ಷಾರ ಹಾಕಿ ತಿಳಿಯಾಗಿಸಿ, ಆಮೇಲೆ ಪಿಎಚ್ 7.4ಕ್ಕೆ ತನ್ನಿ.

ತುಂಗಾತೀರ:
ಗುರಿ ಎಷ್ಟಿರಬೇಕು?

ಕೊಪ್ಪದಿಂದ:
ಗಡ್ಡೆಯಲ್ಲಿ ಗ್ರಾಂಗೆ ಸುಮಾರು 20 ಮೈಕ್ರೋಗ್ರಾಂ ಬೋರಾನ್-10. ಬಿಪಿಎ ತೂಕದಲ್ಲಿ ಅದು 4.8% ಮಾತ್ರ, ಲೆಕ್ಕ ಹಾಕುವಾಗ ಮರೆಯಬೇಡಿ.