ನನ್ನ ಒಲವು ಯಾವುದೆಂದು ಖಚಿತವಾಗಿ ತಿಳಿದುಕೊಳ್ಳುವುದು ಹೇಗೆ?

ಪ್ರಶ್ನೆ: ಬಿ.ಎಸ್ಸಿ. ವಿದ್ಯಾರ್ಥಿನಿ, ರಾಯಚೂರು

ನಾನು ರಾಯಚೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದುಕೊಂಡು ಬಿ.ಎಸ್ಸಿ. ಎರಡನೆಯ ವರ್ಷ ಓದುತ್ತಿದ್ದೇನೆ. ಊರು ಸಿಂಧನೂರು ತಾಲ್ಲೂಕಿನಲ್ಲಿದೆ. ತುಂಗಭದ್ರಾ ಎಡದಂಡೆ ನಾಲೆಯ ನೀರನ್ನು ನಂಬಿ ಭತ್ತ ಬೆಳೆಯುವ ಮನೆತನ ನಮ್ಮದು. ನಾನು ಪದವಿ ಮುಗಿಸಿ, ಬಿ.ಇಡಿ. ಮಾಡಿಕೊಂಡು ಶಿಕ್ಷಕಿಯಾಗಬೇಕೆಂಬುದು ಅಪ್ಪ ಬಹಳ ಹಿಂದೆಯೇ ಮಾಡಿದ ತೀರ್ಮಾನ. ಆ ಬಗ್ಗೆ ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಹೂಂ ಎನ್ನುತ್ತಿದ್ದೆ, ಏಕೆಂದರೆ ಬೇರೆ ಏನು ಬೇಕೆಂಬುದು ನನಗೇ ತಿಳಿದಿರಲಿಲ್ಲ.

ಈ ವರ್ಷ ರಾಷ್ಟ್ರೀಯ ಸೇವಾ ಯೋಜನೆಯ ವಿಶೇಷ ಶಿಬಿರಕ್ಕೆ ಹೋದಾಗ, ವಿಜ್ಞಾನ ವಿದ್ಯಾರ್ಥಿಗಳಾದ ನಮಗೆ ಹಳ್ಳಿಯ ಕುಡಿಯುವ ನೀರನ್ನು ಪರೀಕ್ಷಿಸುವ ಕೆಲಸ ಒಪ್ಪಿಸಿದರು. ನಮ್ಮ ಜಿಲ್ಲೆಯ ಅನೇಕ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದನ್ನು ಓದಿ ತಿಳಿದಿದ್ದೆ. ಆದರೆ ಬೋರ್‌ವೆಲ್ ನೀರನ್ನು ಕಿಟ್‌ನ ಪುಟ್ಟ ಬಾಟಲಿಗೆ ತುಂಬಿ, ದ್ರಾವಣದ ಹನಿಗಳನ್ನು ಬಿಟ್ಟು, ಬದಲಾದ ಬಣ್ಣವನ್ನು ಪಟ್ಟಿಯ ಬಣ್ಣಗಳೊಂದಿಗೆ ಹೋಲಿಸುತ್ತಿದ್ದಾಗ, ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದ ಹುಡುಗನ ಹಲ್ಲುಗಳ ಮೇಲಿನ ಕಂದು ಕಲೆಗಳು ಕಣ್ಣಿಗೆ ಬಿದ್ದವು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂದು ಪರೀಕ್ಷೆಗಾಗಿ ಉರು ಹೊಡೆದಿದ್ದ ಮಿತಿ ಯಾರಿಗಾಗಿ ಇದೆ ಎಂಬುದು ಆಗ ತಿಳಿಯಿತು. ಅಲ್ಲಿದ್ದ ಅಜ್ಜಿಯೊಬ್ಬರು “ಕಾಸಿ ಕುಡದ್ರ ಹೋಗ್ತೈತೇನವಾ?” ಎಂದು ಕೇಳಿದರು. ಕಾಸಿದರೆ ಆವಿಯಾಗುವುದು ನೀರು ಮಾತ್ರ, ಸಾರು ಕುದ್ದಷ್ಟೂ ಉಪ್ಪಾಗುವ ಹಾಗೆ ಫ್ಲೋರೈಡಿನ ಪ್ರಮಾಣ ಇನ್ನಷ್ಟು ಏರುತ್ತದೆ ಎಂದು ಹೇಳಿದೆ. ಅವರು ಆಚೀಚೆ ಮನೆಯವರನ್ನೆಲ್ಲ ಕರೆದು ನನ್ನಿಂದ ಅದನ್ನೇ ಮತ್ತೊಮ್ಮೆ ಹೇಳಿಸಿದರು. ತರಗತಿಯಲ್ಲಿ ಎದ್ದು ನಿಂತು ಉತ್ತರ ಕೊಡಲು ಹಿಂಜರಿಯುವ ನಾನು ಅಂದು ಓಣಿಯ ನಡುವೆ ನಿಂತು ಬಹಳ ಹೊತ್ತು ಮಾತನಾಡಿದೆ.

ಅಂದಿನಿಂದ ನೀರಿನ ಕೆಲಸವನ್ನೇ, ಜನರ ನಡುವೆ ಇದ್ದುಕೊಂಡು ಮಾಡಬೇಕೆಂಬ ಆಸೆ ಬಲವಾಗಿದೆ. ಇದು ನಿಜವಾದ ಒಲವೋ, ಶಿಬಿರದ ಹುರುಪೋ? ಎರಡನ್ನೂ ಬೇರ್ಪಡಿಸಿ ನೋಡುವ ದಾರಿ ಇದೆಯೇ? ಅಪ್ಪನಿಗೆ ಹೇಳುವ ಮೊದಲು ನನಗೆ ಇದು ಸ್ಪಷ್ಟವಾಗಬೇಕಾಗಿದೆ.

ಉತ್ತರ: ಮನಃಶಾಸ್ತ್ರ ಉಪನ್ಯಾಸಕ, ಬಳ್ಳಾರಿ

ನೀವು ಕೇಳಿರುವುದು ನಮ್ಮ ಶಾಸ್ತ್ರದಲ್ಲಿ ಬಹಳ ಚರ್ಚೆಯಾದ ಪ್ರಶ್ನೆ. ತಾನು ಯಾರೆಂಬ ಗುರುತನ್ನು ರೂಪಿಸಿಕೊಳ್ಳುವುದೇ ಹರೆಯದ ಮುಖ್ಯ ಕೆಲಸವೆಂದು ಎರಿಕ್ ಎರಿಕ್‌ಸನ್ ಹೇಳಿದರು. ಅದನ್ನು ಮುಂದುವರಿಸಿದ ಜೇಮ್ಸ್ ಮಾರ್ಸಿಯಾ, ಕಾಲೇಜು ವಿದ್ಯಾರ್ಥಿಗಳನ್ನೇ ಸಂದರ್ಶಿಸಿ 1966ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ವಿಷಯಗಳನ್ನು ನೋಡಿದರು: ಈ ವ್ಯಕ್ತಿ ಬೇರೆ ಬೇರೆ ದಾರಿಗಳನ್ನು ಅರಸಿ ನೋಡಿದ್ದಾನೆಯೇ, ಮತ್ತು ಒಂದು ದಾರಿಗೆ ಮನಸ್ಸು ಕೊಟ್ಟಿದ್ದಾನೆಯೇ? ಅರಸದೆಯೇ ಹಿರಿಯರು ತೋರಿಸಿದ ದಾರಿಗೆ ಒಪ್ಪಿದವರದು ಒಂದು ಸ್ಥಿತಿ. ಶಿಬಿರಕ್ಕೆ ಮುಂಚೆ ನೀವು ಅಲ್ಲಿದ್ದಿರಿ. ಇನ್ನೂ ಯಾವುದನ್ನೂ ನಿರ್ಧರಿಸದೆ ತೀವ್ರವಾಗಿ ಅರಸುತ್ತಿರುವವರದು ಇನ್ನೊಂದು. ಈಗ ನೀವು ಇಲ್ಲಿದ್ದೀರಿ. ಇಲ್ಲಿ ಕಳವಳ ಸಹಜ. ಆ ಕಳವಳ ತಾಳಲಾರದೆ ಬೇಗ ಒಂದು ತೀರ್ಮಾನಕ್ಕೆ ಬಂದುಬಿಡುವುದನ್ನು ಮಾತ್ರ ತಪ್ಪಿಸಿ.

ಮನೆಯವರು ಆರಿಸಿದ ದಾರಿ ಎಂಬ ಒಂದೇ ಕಾರಣಕ್ಕೆ ಅದು ನಿಮ್ಮದಲ್ಲವೆಂದು ಭಾವಿಸಬೇಡಿ. ಪರೀಕ್ಷಿಸಿ ನೋಡಿದ ಮೇಲೆ ಅದನ್ನೇ ಉಳಿಸಿಕೊಳ್ಳುವವರೂ ಇದ್ದಾರೆ. ಆಗ ಅದು ಅವರದೇ ಆಗುತ್ತದೆ.

ಉತ್ತರ: ನೀರಿನ ಪ್ರಯೋಗಾಲಯದ ಉದ್ಯೋಗಿ, ಕೊಪ್ಪಳ

ತಂಗಿ, ನಾನು ಇದೇ ಕೆಲಸದಲ್ಲಿರುವವಳು, ಆದ್ದರಿಂದ ದಿನದ ಕೆಲಸ ಹೇಗಿರುತ್ತದೆಂದು ಹೇಳುತ್ತೇನೆ. ನಿನ್ನ ಅಜ್ಜಿಯಂಥವರು ಸಿಗುವ ದಿನಗಳು ಬರುತ್ತವೆ, ಆದರೆ ಅಪರೂಪಕ್ಕೆ. ಉಳಿದ ದಿನಗಳಲ್ಲಿ ಬಂದ ಬಾಟಲಿಗಳ ಚೀಟಿಯನ್ನು ರಿಜಿಸ್ಟರಿನೊಂದಿಗೆ ತಾಳೆ ನೋಡಬೇಕು, ಗೊತ್ತಿರುವ ಪ್ರಮಾಣದ ದ್ರಾವಣಗಳಿಂದ ಉಪಕರಣವನ್ನು ಸರಿಹೊಂದಿಸಬೇಕು, ಗಡಸುತನ ನೋಡಲು ಬ್ಯುರೆಟ್ ಹಿಡಿದು ಒಂದೇ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಬೇಕು, ಸಂಜೆ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಬೇಕು. ಒಂದು ದಶಮಾಂಶ ಬಿಂದು ಆಚೀಚೆಯಾದರೆ ಒಂದು ಊರಿಗೆ ತಪ್ಪು ವರದಿ ಹೋಗುತ್ತದೆ.

ಹುರುಪು ಯಾವುದು, ಒಲವು ಯಾವುದು ಎಂದು ತಿಳಿಯಬೇಕಾದರೆ ಈ ಕೆಲಸವನ್ನೇ ಸ್ವಲ್ಪ ಕಾಲ ಮಾಡಿ ನೋಡು. ಕೂತು ಯೋಚಿಸಿದರೆ ಬಗೆಹರಿಯುವುದಿಲ್ಲ. ಪ್ರಾಂಶುಪಾಲರಿಂದ ಪತ್ರ ತೆಗೆದುಕೊಂಡು, ರಜೆಯಲ್ಲಿ ಜಿಲ್ಲಾ ಪ್ರಯೋಗಾಲಯದಲ್ಲಿ ಕಲಿಯಲು ಅವಕಾಶ ಕೇಳು. ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಕಿಟ್ ಬಳಸುವ ತರಬೇತಿ ಕೊಡುವ ಯೋಜನೆಯೂ ಇದೆ. ನಿಮ್ಮೂರಿನಲ್ಲಿ ಅವರು ಯಾರೆಂದು ಪಂಚಾಯಿತಿಯಲ್ಲಿ ವಿಚಾರಿಸಿ, ಅವರ ಜೊತೆ ಓಡಾಡು. ಬೇಸರದ ದಿನ ಕಳೆದ ಮೇಲೂ ಮರುದಿನ ಹೋಗಬೇಕೆನಿಸಿದರೆ ನನ್ನ ಮಟ್ಟಿಗೆ ಅದೇ ಉತ್ತರ.

ಉತ್ತರ: ನಿವೃತ್ತ ಶಿಕ್ಷಕ, ಮಾನ್ವಿ

ಮಗಳೇ, ಆ ಓಣಿಯಲ್ಲಿ ನೀನು ಮಾಡಿದ್ದು ಪಾಠವನ್ನೇ. ಆದಕಾರಣ ಶಿಕ್ಷಕ ವೃತ್ತಿ ಬೇರೆ, ನಿನ್ನ ಒಲವು ಬೇರೆ ಎಂದು ಈಗಲೇ ಗೆರೆ ಎಳೆಯಬೇಡ ಎಂಬುದು ನನ್ನ ಕಳಕಳಿಯ ಮಾತು. ತಂದೆಯವರ ತೀರ್ಮಾನದ ಹಿಂದಿನ ಲೆಕ್ಕಾಚಾರವನ್ನೂ ಅರಿತುಕೋ. ನಾಲೆಗೆ ನೀರು ಯಾವಾಗ ಬಿಡುತ್ತಾರೆಂದು ಪ್ರತಿ ಹಂಗಾಮಿನಲ್ಲೂ ಕಾಯುವ ರೈತನಿಗೆ, ತಿಂಗಳಿಗೆ ಸರಿಯಾಗಿ ಸಂಬಳ ಬರುವ ನೌಕರಿಯ ಬೆಲೆ ಚೆನ್ನಾಗಿ ಗೊತ್ತಿರುತ್ತದೆ. ಸಂವಿಧಾನದ 371(ಜೆ) ವಿಧಿಯ ಮೀಸಲಾತಿಯಿಂದ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಮಕ್ಕಳಿಗೆ ಸರ್ಕಾರಿ ನೌಕರಿಯ ಅವಕಾಶ ಹೆಚ್ಚಿದೆ ಎಂಬುದು ಅವರ ಮನಸ್ಸಿನಲ್ಲಿರಬಹುದು. ಆದರೆ ಆ ಮೀಸಲಾತಿ ಶಿಕ್ಷಕರ ಹುದ್ದೆಗಷ್ಟೇ ಸೀಮಿತವಲ್ಲ, ಉನ್ನತ ಶಿಕ್ಷಣದ ಪ್ರವೇಶಕ್ಕೂ ಇದೆ. ಎಲ್ಲ ಸ್ಪಷ್ಟವಾದ ಮೇಲೆ ಹೇಳುತ್ತೇನೆಂದು ಕಾಯಬೇಡ. ಯೋಚಿಸುತ್ತಿದ್ದೇನೆ ಎಂದು ಈಗಲೇ ಹೇಳಿದರೆ ಅವರೂ ನಿನ್ನೊಂದಿಗೆ ಯೋಚಿಸಲು ತೊಡಗುತ್ತಾರೆ.

ಮರುಉತ್ತರ: ಪ್ರಶ್ನೆ ಕೇಳಿದವಳು

ಎಲ್ಲರಿಗೂ ಕೃತಜ್ಞತೆಗಳು. ಸರ್, ಅಪ್ಪನ ಲೆಕ್ಕಾಚಾರವನ್ನು ನಾನು ಈ ದೃಷ್ಟಿಯಿಂದ ನೋಡಿರಲಿಲ್ಲ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ನಮ್ಮ ಮನೆಯವರು ಕುಡಿಯುವ ಬೋರ್‌ವೆಲ್ ನೀರನ್ನೇ ಪರೀಕ್ಷೆಗೆ ಕೊಡಬೇಕೆಂದಿದ್ದೇನೆ. ಅಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗಿ, ದಾರಿಯಲ್ಲಿ ಮಾತು ತೆಗೆಯುತ್ತೇನೆ. ಅಕ್ಕಾ, ನೀರು ತರಲು ಗಾಜಿನ ಬಾಟಲಿ ಆದೀತೇ?

ಉತ್ತರ: ನೀರಿನ ಪ್ರಯೋಗಾಲಯದ ಉದ್ಯೋಗಿ, ಕೊಪ್ಪಳ

ಫ್ಲೋರೈಡ್ ಪರೀಕ್ಷೆಗೆ ಗಾಜಿನದು ಬೇಡ, ಶುದ್ಧವಾದ ಪ್ಲಾಸ್ಟಿಕ್ ಬಾಟಲಿ ತೆಗೆದುಕೋ. ಬೋರ್‌ವೆಲ್ ಕೆಲವು ನಿಮಿಷ ಓಡಿದ ಮೇಲೆ, ಬಾಟಲಿಯನ್ನು ಅದೇ ನೀರಿನಿಂದ ಚೆನ್ನಾಗಿ ಗಲಬರಿಸಿ ತುಂಬಿಸು. ಊರು, ಜಾಗ, ದಿನಾಂಕವನ್ನು ಆಗಲೇ ಚೀಟಿಯಲ್ಲಿ ಬರೆದು ಅಂಟಿಸು. ವರದಿ ಬಂದ ಮೇಲೆ ಅದನ್ನು ಓದುವುದು ಕಷ್ಟವಾದರೆ ಇಲ್ಲಿಯೇ ಕೇಳು, ವಿವರಿಸುತ್ತೇನೆ.