ಸಹಾಯ ಬೇಕು: ಸಿಸ್ಟಂ ಡಿಸೈನ್ ಸುತ್ತಿಗೆ ಅಣಕು ಸಂದರ್ಶನ ಮಾಡುವವರು ಇದ್ದೀರಾ?

ನಮಸ್ಕಾರ. ಬೆಳ್ಳಂದೂರಿನ ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಮುಂದಿನ ಗುರುವಾರ ನನ್ನ ಸಂದರ್ಶನ. ಕೋಡಿಂಗ್ ಸುತ್ತು ಹೇಗೋ ದಾಟಿದೆ. ಸಿಸ್ಟಂ ಡಿಸೈನ್, ಅಂದರೆ ದೊಡ್ಡ ಸಾಫ್ಟ್‌ವೇರ್ ಸೇವೆಯೊಂದನ್ನು ಹೇಗೆ ಕಟ್ಟುತ್ತೀರಿ ಅಂತ ಕೇಳುವ ಸುತ್ತು ಬಂದರೆ ಮಾತ್ರ ಬಾಯಿ ಕಟ್ಟುತ್ತದೆ. ಹೋದ ಸಲ ಬೇರೆ ಕಡೆ, ಉದ್ದದ ಲಿಂಕನ್ನು ಚಿಕ್ಕದು ಮಾಡುವ ಸೇವೆ ಕಟ್ಟಿ ಅಂದರು. ಎಷ್ಟು ಜನ ಬಳಸುತ್ತಾರೆ, ರೀಡ್ (ಡೇಟಾ ಓದುವುದು) ಜಾಸ್ತಿಯೋ ರೈಟ್ (ಹೊಸದಾಗಿ ಬರೆಯುವುದು) ಜಾಸ್ತಿಯೋ ಅಂತ ಕೇಳದೆ ಸೀದಾ ಡೇಟಾಬೇಸ್ ಟೇಬಲ್ ಬರೆಯಲು ಕೂತೆ. ಅಲ್ಲೇ ಕೆಟ್ಟಿತು. ಕ್ಯಾಶ್ (ಪದೇ ಪದೇ ಬೇಕಾಗುವ ಡೇಟಾವನ್ನು ಬೇಗ ಸಿಗುವಂತೆ ಇಡುವ ಜಾಗ) ಎಲ್ಲಿ ಇಡುತ್ತೀರಿ ಅಂದಾಗ ಸುಮ್ನೆ ತಲೆ ಆಡಿಸಿದೆ!

ಇಂಥ ಸಂದರ್ಶನ ಮಾಡಿ ಅನುಭವ ಇರುವವರು ಶನಿವಾರ ಒಂದು ಗಂಟೆ ಕೊಡುತ್ತೀರಾ? ಜಯನಗರ, ಬನಶಂಕರಿ ಕಡೆ ಆದರೆ ನಾನೇ ಬರುತ್ತೇನೆ. ಕಾಫಿ ನನ್ನದು.

ಇನ್ನೊಂದು ಮಾತು. ನನ್ನ ನೋಟಿಸ್ ಅವಧಿ 90 ದಿನ. ಎಚ್‌ಆರ್‌ಗೆ ಇದನ್ನು ಈಗಲೇ ಹೇಳಬೇಕಾ, ಆಫರ್ ಬಂದ ಮೇಲಾ?