ಮೊಲಕ್ಕೆ ಸೀನು, ಮೂಗಿನಲ್ಲಿ ಬಿಳಿ ಸಿಂಬಳ – ಮನೆಯವರಿಗೂ ಹರಡುತ್ತದಾ?

ಸುರತ್ಕಲ್‌ವಾಸಿ:
ಮಳೆ ಜೋರಾದಲ್ಲಿಂದ ನಮ್ಮ ಮೊಲ ಸೀನುತ್ತಲೇ ಉಂಟು. ಮೊದಲು ನೀರಿನ ಹಾಗಿದ್ದ ಸಿಂಬಳ ಈಗ ಬಿಳಿ, ದಪ್ಪ. ಮುಂಗಾಲಿನ ಒಳಬದಿಯ ರೋಮ ಅಂಟಿ ಗಟ್ಟಿಯಾಗಿದೆ. ಮಗನಿಗೆ ಕೊಟ್ಟು ಉಳಿದ ಅಮಾಕ್ಸಿಸಿಲಿನ್ ಸಿರಪ್ ಹಾಕಬಹುದಾ? ಗೂಡು ಗುಡಿಸುವುದು ಅತ್ತೆ. ಅವರು ಸ್ಟೀರಾಯ್ಡ್ ಮಾತ್ರೆಯಲ್ಲಿದ್ದಾರೆ, ಅದೇ ಹೆದರಿಕೆ. ಒಂದು ಗಿನಿಪಿಗ್ ಕೂಡ ಉಂಟು.

ಕುಂಜಿಬೆಟ್ಟಿನವ:
ಆ ಸಿರಪ್ ಮಾತ್ರ ಬೇಡ ಮಾರಾಯ್ರೆ! ಪೆನಿಸಿಲಿನ್ ಜಾತಿಯ ಔಷಧ ಬಾಯಿಗೆ ಹಾಕಿದರೆ ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ವಿಷ ಬಿಡುವ ಕ್ಲಾಸ್ಟ್ರಿಡಿಯಂ ಬೆಳೆಯುತ್ತದೆ. ಭೇದಿ ಹತ್ತಿ ಸತ್ತೇ ಹೋದೀತು. ಗಿನಿಪಿಗ್‌ಗೂ ಹಾಗೆಯೇ.

ಮುಂಗಾಲು ಅಂಟಿರುವುದು ಮೂಗು ಒರೆಸಿ ಒರೆಸಿ. ಇದಕ್ಕೆ ಕಾರಣ ಹೆಚ್ಚಾಗಿ ಪಾಶ್ಚುರೆಲ್ಲಾ, ಕೆಲವೊಮ್ಮೆ ಬೋರ್ಡೆಟೆಲ್ಲಾ ಅಥವಾ ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ. ಹಲ್ಲಿನ ಬೇರು ಕೆಟ್ಟರೂ ಹೀಗಾಗುತ್ತದೆ, ಬಾಯಿಯನ್ನೂ ತೋರಿಸಿ. ಮೂಗಿನ ಸ್ವಾಬ್ ಕಲ್ಚರಿಗೆ (ಯಾವ ಬ್ಯಾಕ್ಟೀರಿಯಾ ಎಂದು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಕಳಿಸಲು ಡಾಕ್ಟರ್ ಹತ್ತಿರ ಕೇಳಿ. ಎನ್ರೋಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್ ಕೊಡುವುದುಂಟು, ಆದರೆ ತೂಕ ನೋಡಿ ಡೋಸ್ ಅವರೇ ಹೇಳಬೇಕು. ಮೊಲ ಮೂಗಿನಲ್ಲೇ ಉಸಿರಾಡುವ ಪ್ರಾಣಿ. ಬಾಯಿ ತೆರೆದು ಉಸಿರೆಳೆದರೆ, ಇಲ್ಲವೇ ಅರ್ಧ ದಿನ ತಿನ್ನದೆ ಹಿಕ್ಕೆ ಹಾಕದೆ ಕೂತರೆ, ರಾತ್ರಿಯಾದರೂ ಕರೆದುಕೊಂಡು ಹೋಗಿ.

ಗೂಡನ್ನೂ ನೋಡಿ. ಆಟಿಯ ಥಂಡಿಗೆ ನಮ್ಮಲ್ಲಿ ಬೈಹುಲ್ಲು ಒಣಗುವುದೇ ಇಲ್ಲ, ಮೂತ್ರದ ಅಮೋನಿಯಾ ಅಲ್ಲೇ ನಿಲ್ಲುತ್ತದೆ. ಮೊಲದ ಮುಖದ ಎತ್ತರಕ್ಕೆ ಬಗ್ಗಿ ಮೂಸಿ. ನಿಮ್ಮ ಕಣ್ಣು ಉರಿದರೆ ಅದರ ಶ್ವಾಸನಾಳ ದಿನವಿಡೀ ಉರಿಯುತ್ತಿದೆ ಎಂದೇ ಲೆಕ್ಕ. ಒದ್ದೆ ಹುಲ್ಲು ದಿನಾ ತೆಗೆಯಿರಿ, ಗಾಳಿಯಾಡಲಿ, ಇರಸಲು ಬೀಳದಿರಲಿ.

ಕದ್ರಿಗುಡ್ಡೆ:
ಅತ್ತೆಯ ವಿಷಯ ನಾನು ಹೇಳುತ್ತೇನೆ. ಪಾಶ್ಚುರೆಲ್ಲಾ ಮನುಷ್ಯರಿಗೆ ಬರುವುದು ಮುಖ್ಯವಾಗಿ ಕಚ್ಚಿದಾಗ, ಪರಚಿದಾಗ. ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ಗಾಯ ಕೆಂಪಾಗಿ ಊದಿದರೆ ಡಾಕ್ಟರಿಗೆ ತೋರಿಸಿ, ಮೊಲದ ಗಾಯ ಎಂದು ಹೇಳಿ. ಬೋರ್ಡೆಟೆಲ್ಲಾ ಬ್ರಾಂಕಿಸೆಪ್ಟಿಕಾ ಮಕ್ಕಳಿಗೆ ನಾಯಿಕೆಮ್ಮು ತರುವ ಬ್ಯಾಕ್ಟೀರಿಯಾದ ದಾಯಾದಿ. ಆರೋಗ್ಯವಂತರಿಗೆ ತಗಲುವುದು ಅಪರೂಪ. ಆದರೆ ಸ್ಟೀರಾಯ್ಡ್, ಕೀಮೋ, ಅಂಗಾಂಗ ಕಸಿ ಇದ್ದವರಲ್ಲಿ ನ್ಯುಮೋನಿಯಾ ಆದದ್ದುಂಟು. ಹಾಗಾಗಿ ಗೂಡಿನ ಕೆಲಸ ಇವತ್ತಿನಿಂದಲೇ ನೀವು ಮಾಡಿ, ಮಾಸ್ಕ್ ಹಾಕಿ, ಧೂಳೇಳದ ಹಾಗೆ ನೀರು ಚಿಮುಕಿಸಿ. ಅತ್ತೆಗೆ ಕೆಮ್ಮು, ಜ್ವರ ಬಂದರೆ ಮನೆಯಲ್ಲಿ ಕಾಯಿಲೆಯ ಮೊಲ ಉಂಟೆಂದು ಡಾಕ್ಟರಿಗೆ ಹೇಳಲೇಬೇಕು.

ಸುರತ್ಕಲ್‌ವಾಸಿ:
ಸಿರಪ್ ಬದಿಗಿಟ್ಟೆ. ಸಂಜೆ ಪಶು ಆಸ್ಪತ್ರೆಗೆ ಹೊರಟಿದ್ದೇವೆ. ಮೊಲ ಗುಣವಾದ ಮೇಲೆ ಗಿನಿಪಿಗ್ ಜೊತೆ ಬಿಡಬಹುದಾ?

ಕುಂಜಿಬೆಟ್ಟಿನವ:
ಬೇಡ. ಸೀನು ನಿಂತರೂ ಮೊಲದ ಮೂಗಿನಲ್ಲಿ ಬೋರ್ಡೆಟೆಲ್ಲಾ ಸುಮ್ಮನೆ ಉಳಿದಿರಬಹುದು, ಗಿನಿಪಿಗ್‌ಗೆ ಅದು ಮಾರಕ ನ್ಯುಮೋನಿಯಾ ತರುತ್ತದೆ. ಖಾಯಂ ಬೇರೆ ಕೋಣೆ, ಬೇರೆ ನೀರಿನ ಬಾಟಲಿ. ಮೊದಲು ಗಿನಿಪಿಗ್‌ಗೆ ಹುಲ್ಲು ಹಾಕಿ, ಆಮೇಲೆ ಮೊಲವನ್ನು ಮುಟ್ಟಿ.